ಅಜ್ಜಿಯ ಕೊಳದಪ್ಪಲೆಗೆ ಕಲಾಯಿ ಹಾಕಿದ್ದು

ಅಟ್ಟದ ಮೇಲೆ ಎರಡು ಹಿತ್ತಾಳೆ ಕೊಳದಪ್ಪಲೆ ಇದ್ದವು. ಅಜ್ಜಿ ತವರಿನಿಂದ ತಂದದ್ದು. ಹೊರಗೆಲ್ಲ ಮಸಿ, ಒಳಗೆ ಕಲಾಯಿ, ಅಂದರೆ ತವರದ ಲೇಪ, ಹೋಗಿ ಕಿಲುಬು.

ಮೊದಲನೆಯದನ್ನು ಪೇಟೆಯ ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟೆ. ಫಳಫಳ ಹೊಳೆಯುತ್ತಾ ಬಂತು. ಅಮ್ಮ ಅದನ್ನು ಸುತ್ತ ತಿರುಗಿಸಿ ನೋಡಿದಳು. “ಅಕ್ಷರ ಎಲ್ಲೋ?” ಎಂದಳು.

ಆಗೆಲ್ಲ ಪಾತ್ರೆ ಉಡುಗೊರೆ ಕೊಡುವಾಗ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಿದ್ದರು, ಅಲ್ವಾ? ಆ ಚುಕ್ಕಿಗಳಿಗೆ ಆಳ ತೀರಾ ಕಡಿಮೆ. ಬಫಿಂಗ್ ಮೆಷಿನ್ ಹಿತ್ತಾಳೆಯ ಮೇಲ್ಪದರವನ್ನೇ ಸವೆಸುತ್ತದೆ. ಮಸಿಯ ಜೊತೆ ಹೆಸರೂ ಹೋಗಿತ್ತು. ಎರಡು ಸಾಲು ಇತ್ತು ಅನ್ನುವುದಷ್ಟೇ ಅಮ್ಮನಿಗೆ ನೆನಪು. ಅವತ್ತು ನನಗೆ ಊಟ ಸೇರಲಿಲ್ಲ.

ಎರಡನೆಯದನ್ನು ಯಾರ ಕೈಗೂ ಕೊಡಲಿಲ್ಲ. ರಾತ್ರಿಯಿಡೀ ಬಿಸಿನೀರಲ್ಲಿ ನೆನೆಸಿದೆ. ಹುಣಸೆಹಣ್ಣು, ಉಪ್ಪು ಹಚ್ಚಿ ಬರೀ ಕೈಯಲ್ಲಿ ಉಜ್ಜಿದೆ. ಅಕ್ಷರ ಇರುವ ಕಡೆ ಮೆತ್ತನೆಯ ಹಳೆ ಟೂತ್‌ಬ್ರಷ್ ಮಾತ್ರ. ಚುಕ್ಕಿಯೊಳಗೆ ಹುಳಿ ಉಳಿದರೆ ಮತ್ತೆ ಹಸಿರಾಗುತ್ತದೆ. ಅದಕ್ಕೇ ನಾಲ್ಕು ಸಲ ತೊಳೆದು ಬಿಸಿಲಿಗಿಟ್ಟೆ. ಒಣಗಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಡ್ಡ ಸವರಿದೆ. ಅಜ್ಜಿಯ ಹೆಸರು ಮೂಡಿತು. ಕೆಳಗೆ ‘ಅಣ್ಣನಿಂದ’, 1956. ಆ ಮಾವನನ್ನು ಅಮ್ಮ ನೋಡಿಯೇ ಇರಲಿಲ್ಲ. ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದರಂತೆ.

ಇನ್ನು ಕಲಾಯಿ. ಅದಿಲ್ಲದೆ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಬಾರದು, ತಾಮ್ರದ ಅಂಶ ಅಡುಗೆಗೆ ಬಿಡುತ್ತದೆ. ಸಂತೆಯಲ್ಲಿ ಕಲಾಯಿ ಹಾಕುವ ಹಿರಿಯರೊಬ್ಬರ ಪಕ್ಕ ಮೂರು ವಾರ ಕೂತು ಕಲಿತೆ. ಶುದ್ಧ ತವರವನ್ನೇ ತರಬೇಕು. ಬೆಸುಗೆ ತಂತಿ ಬೇಡವೇ ಬೇಡ, ಅದರಲ್ಲಿ ಸೀಸ ಇರಬಹುದು. ತವರಿನ ಪಾತ್ರೆಗೆ ತವರ, ಆ ಮಾತು ಮನಸ್ಸಿಗೆ ಬಂದು ಖುಷಿಯಾಯಿತು.

ಹಿತ್ತಲಲ್ಲಿ ಇದ್ದಿಲ ಒಲೆ ಹೂಡಿದೆ. ಪಾತ್ರೆ ಕಾದ ಮೇಲೆ ಒಳಗೆ ನವಸಾಗರದ ಪುಡಿ ಉದುರಿಸಿದೆ. ಬಿಳಿ ಹೊಗೆ ಭುಗ್ಗನೆ ಏಳುತ್ತದೆ. ಆ ಹೊಗೆ ಕುಡಿಯಬಾರದು, ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಲ್ಲಬೇಕು. ತವರದ ಕಡ್ಡಿ ಮುಟ್ಟಿಸಿದರೆ ಸಾಕು, ಕರಗುತ್ತದೆ. ಕೂಡಲೇ ಇಕ್ಕಳದಲ್ಲಿ ಹಿಡಿದ ಹತ್ತಿಯಿಂದ ಸುತ್ತ ಬಳಿಯಬೇಕು. ಮೊದಲ ಸಲ ನಾನು ತಡ ಮಾಡಿದೆ, ತವರ ಗಂಟುಗಂಟಾಯಿತು. ಮತ್ತೆ ಕಾಯಿಸಿ ಬಳಿದೆ. ಎರಡನೇ ಸಲ ಬೆಳ್ಳಿಯ ಹಾಗೆ ಹರಡಿಕೊಂಡಿತು. ಆ ಒಂದು ಕ್ಷಣ ಎಷ್ಟು ಸಲ ನೋಡಿದರೂ ಸಾಲದು.

ತವರ 232 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಬರಿ ಪಾತ್ರೆಯನ್ನು ಒಲೆ ಮೇಲೆ ಬಿಡುವಂತಿಲ್ಲ, ಒಗ್ಗರಣೆ ಬೇರೆ ಸೌಟಲ್ಲಿ. ಸ್ಟೀಲ್ ಜುಂಗೂ ಮುಟ್ಟಿಸುವುದಿಲ್ಲ.

ಈಗ ಭಾನುವಾರದ ಸಾರು ಅದರಲ್ಲೇ. ಒಲೆ ಮೇಲಿಡುವಾಗ ಅಮ್ಮ ಅಕ್ಷರ ಇರುವ ಕಡೆಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತಾಳೆ.