ಡ್ಯೂಟಿ ಬಿಡದೆ ಎಂಡಿಎಸ್ ಸೀಟು: ನಾನು ಓದಿದ ರೀತಿ

ಹೌಸ್ ಸರ್ಜನ್ (ಇಂಟರ್ನ್) ಆಗಿದ್ದುಕೊಂಡು ನೀಟ್ ಎಂಡಿಎಸ್‌ನಲ್ಲಿ (ದಂತವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಒಳ್ಳೆ ರ‍್ಯಾಂಕ್ ತೆಗೆಯೋದು ಆಗದ ಮಾತು ಅಂತ ನಮ್ಮ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ಸೀನಿಯರ್ಸ್ ಬಾಯಲ್ಲಿ ಒಂದೇ ಮಾತು: "ಮೊದ್ಲು ಇಂಟರ್ನ್‌ಶಿಪ್ ಮುಗಿಸು. ಒಂದು ವರ್ಷ ಡ್ರಾಪ್ ತಗೊಂಡು ಕೋಚಿಂಗ್ ಸೇರು." ನಾನು ಡ್ರಾಪ್ ತಗೊಳ್ಳಲಿಲ್ಲ. ಕೋಚಿಂಗ್‌ಗೂ ಹೋಗಲಿಲ್ಲ. 960ಕ್ಕೆ 540ರ ಆಸುಪಾಸು ಬಂತು, ಅಖಿಲ ಭಾರತ ರ‍್ಯಾಂಕ್ ಒಂದೂವರೆ ಸಾವಿರದೊಳಗೆ. ಸರ್ಕಾರಿ ಕೋಟಾದಲ್ಲಿ ಕನ್ಸರ್ವೇಟಿವ್ (ಹಲ್ಲು ತುಂಬುವ, ರೂಟ್ ಕೆನಾಲ್ ಮಾಡುವ ವಿಭಾಗ) ಸೀಟು ಸಿಕ್ಕಿದೆ. ನಮ್ಮ ಬ್ಯಾಚಿನಲ್ಲಿ ಮೊದಲ ಸಲಕ್ಕೇ ಸೀಟು ತಗೊಂಡವರು ತೀರಾ ಕಡಿಮೆ. ಅದಕ್ಕೇ ಇದನ್ನು ಬರೆಯಬೇಕು ಅನಿಸಿತು.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ವಿಡಿಯೋ ಲೆಕ್ಚರ್ ಹಾಕಿಕೊಂಡು ಡಬಲ್ ಸ್ಪೀಡ್‌ನಲ್ಲಿ ನೋಡುವುದು, ಬಣ್ಣಬಣ್ಣದ ನೋಟ್ಸ್ ಮಾಡುವುದು. ಡ್ಯೂಟಿ ಮುಗಿಸಿ ಹಾಸ್ಟೆಲ್‌ಗೆ ಬಂದು ವಿಡಿಯೋ ಹಚ್ಚಿದರೆ ಹತ್ತು ನಿಮಿಷಕ್ಕೇ ಕಣ್ಣು ಎಳೆಯುತ್ತಿತ್ತು. ನಾಲ್ಕು ಜನ ಸೇರಿ ಗ್ರೂಪ್ ಸ್ಟಡಿ ಶುರು ಮಾಡಿದೆವು. ಒಬ್ಬೊಬ್ಬರ ಪೋಸ್ಟಿಂಗ್ ಒಂದೊಂದು ಕಡೆ ಇದ್ದದ್ದರಿಂದ ಅದು ಒಂದು ತಿಂಗಳೂ ನಡೆಯಲಿಲ್ಲ. ಆಗಿನ ಮಾಕ್ ಟೆಸ್ಟ್‌ಗಳಲ್ಲಿ 300 ದಾಟುವುದೇ ಕಷ್ಟ. ನಾಲ್ಕು ವರ್ಷ ರಾಜೀವ್ ಗಾಂಧಿ ವಿವಿಯ ಬಿಡಿಎಸ್ ಪರೀಕ್ಷೆಗೆ ಲಾಂಗ್ ಎಸ್ಸೇ ಬರೆದು ಪಳಗಿದ ಕೈ ನಮ್ಮದು. ಇಲ್ಲಿ ಎಲ್ಲವೂ ಎಂಸಿಕ್ಯೂ, ನಾಲ್ಕು ಆಪ್ಷನ್‌ನಲ್ಲಿ ಒಂದನ್ನು ಆರಿಸಬೇಕು. ಒಂದು ಪ್ರಶ್ನೆಗೆ 45 ಸೆಕೆಂಡ್ ಅಂದರೆ ತಲೆ ಓಡುವುದೇ ಇಲ್ಲ, ಅಲ್ವಾ?

ಓರಲ್ ಸರ್ಜರಿ ಪೋಸ್ಟಿಂಗ್ ಬಂದಾಗ ದಾರಿ ಬದಲಿಸಿದೆ. ಏಪ್ರನ್ ಜೇಬಿನಲ್ಲಿ ಅಂಗೈ ಅಗಲದ ನೋಟ್‌ಬುಕ್ ಇಟ್ಟುಕೊಂಡೆ. ಕುರ್ಚಿಯಲ್ಲಿ ಕೂತ ಪ್ರತಿ ಪೇಷಂಟ್‌ನಿಂದ ಕನಿಷ್ಠ ಐದು ಪ್ರಶ್ನೆ ಬರೆಯಬೇಕು. ಉತ್ತರವಲ್ಲ, ಪ್ರಶ್ನೆ ಮಾತ್ರ. ಉತ್ತರ ರಾತ್ರಿ ಹುಡುಕುವುದು. ಹೆಸರು, ಓಪಿ ನಂಬರ್ ಯಾವುದನ್ನೂ ಬರೆಯುತ್ತಿರಲಿಲ್ಲ. ನೋಡಿದವರು ನಕ್ಕರು. "ಪೇಷಂಟ್ ನೋಡಿದ್ರೆ ಎಂಸಿಕ್ಯೂ ಬರುತ್ತಾ?" ಅಂತ ಪಿಜಿ (ಎಂಡಿಎಸ್ ಓದುತ್ತಿದ್ದ ಸೀನಿಯರ್) ಒಬ್ಬರು ನೇರವಾಗಿಯೇ ಕೇಳಿದರು.

ಬರುತ್ತೆ. ಒಂದೇ ಹಲ್ಲು ತಗೊಳ್ಳಿ, ಮೇಲಿನ ಫಸ್ಟ್ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನದು). ಒಬ್ಬ ಅಜ್ಜನಿಗೆ ಅದನ್ನು ಕೀಳುವಾಗ ಬೇರು ಮುರಿಯಿತು. ಅವತ್ತು ಸಂಜೆ ನನ್ನ ಪುಟದಲ್ಲಿ ಇದ್ದದ್ದು: ಇದನ್ನು ಯಾಕೆ ತಿರುಗಿಸಿ ಕೀಳಬಾರದು? (ಎರಡು ಸಣಕಲು ಬೇರು.) ಮೀಸಿಯಲ್ ಕಡೆ (ಕೋರೆಹಲ್ಲಿಗೆ ತಾಗುವ ಬದಿ) ತಗ್ಗು ಇರುವುದರಿಂದ, ಹಲ್ಲು ತುಂಬುವಾಗ ಸುತ್ತ ಕಟ್ಟುವ ಮ್ಯಾಟ್ರಿಕ್ಸ್ ಬ್ಯಾಂಡ್‌ಗೆ ಏನು ತೊಂದರೆ? ಅದೇ ತಗ್ಗಿನಲ್ಲಿ ಕ್ಯಾಲ್ಕುಲಸ್ (ಗಟ್ಟಿ ಕೊಳೆ) ಕೂತರೆ ಸ್ಕೇಲಿಂಗ್ ಹೇಗೆ? ಕೆನ್ನೆ ಕಡೆಯ ಚೂಪಾದ ತುದಿ, ಅಂದರೆ ಬಕಲ್ ಕಸ್ಪ್‌ನ ಯಾವ ಇಳಿಜಾರು ಉದ್ದ? ಮರಗಟ್ಟಿಸಬೇಕಾದ ನರ ಯಾವುದು? ಅನಾಟಮಿ, ಕನ್ಸರ್ವೇಟಿವ್, ಪೆರಿಯೊ (ಒಸಡಿನ ಚಿಕಿತ್ಸೆ), ಸರ್ಜರಿ ನಾಲ್ಕೂ ಒಂದೇ ಹಲ್ಲಿನಲ್ಲಿ ಬಂದವು. ಫಸ್ಟ್ ಇಯರ್‌ನಲ್ಲಿ ಮೇಣದಲ್ಲಿ ಇದೇ ಹಲ್ಲನ್ನು ಎಷ್ಟು ಸಲ ಕೆತ್ತಿದ್ದೆನೋ. ಮೀಸಿಯಲ್ ತಗ್ಗು ತಲೆಯಲ್ಲಿ ನಿಂತಿದ್ದು ಮಾತ್ರ ಆ ಅಜ್ಜನಿಂದ.

ಹೀಗೇ ಬಿಪಿಗೆ ಅಮ್ಲೋಡಿಪೈನ್ ನುಂಗುವ ಅಮ್ಮ ಊದಿದ ಒಸಡು ತೋರಿಸಲು ಬಂದರೆ ಒಸಡು ಊದಿಸುವ ಬೇರೆ ಔಷಧಿಗಳಾದ ಫೆನಿಟಾಯಿನ್, ಸೈಕ್ಲೋಸ್ಪೊರಿನ್ ಎಲ್ಲ ಸಾಲಾಗಿ ಬಂದವು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಮೇಲಿದ್ದವರೊಬ್ಬರು ಹಲ್ಲು ಕೀಳಿಸಲು ಬಂದ ದಿನ ಐಎನ್‌ಆರ್, ವಿಟಮಿನ್ ಕೆ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 2, 7, 9, 10, ಜೊತೆಗೆ ಮೆಟ್ರೊನಿಡಜೋಲ್ ಕೊಟ್ಟರೆ ಏನಾಗುತ್ತೆ ಅನ್ನೋದು. ದಾವಣಗೆರೆ ಸೀಮೆಯಲ್ಲಿ ಗುಟ್ಕಾ ಪೇಷಂಟ್‌ಗಳಿಗೆ ಬರವಿಲ್ಲ. ಬಾಯಿ ಎರಡು ಬೆರಳಷ್ಟೂ ತೆರೆಯದ ಆಟೋ ಡ್ರೈವರ್ ಒಬ್ಬರು "ಖಾರ ತಿಂದ್ರೆ ಉರಿ ಮೇಡಂ, ಅಷ್ಟೇ" ಅಂದರು. ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ (ಗುಟ್ಕಾದಿಂದ ಬಾಯಿ ಬಿಗಿಯುವ ರೋಗ) ಮೊದಲ ಲಕ್ಷಣ ಯಾವುದು ಅಂತ ಆಮೇಲೆ ನಾನು ಪುಸ್ತಕ ತೆಗೆದು ನೋಡಲೇ ಇಲ್ಲ. ಜಗಳೂರು ಕಡೆ ಕ್ಯಾಂಪ್‌ಗೆ ಹೋದಾಗ ಸ್ಕೂಲ್ ಮಕ್ಕಳ ಕಂದು ಹಲ್ಲು ನೋಡಿ ನೋಡಿಯೇ ಡೀನ್ಸ್ ಇಂಡೆಕ್ಸ್ (ಫ್ಲೋರೈಡ್ ಕಲೆ ಅಳೆಯುವ ಕ್ರಮ) ಬಾಯಿಪಾಠ ಆಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.5 ಪಿಪಿಎಂ ಮೀರಬಾರದು ಅನ್ನೋದು ಅಲ್ಲಿ ಬರೀ ಒಂದು ಆಪ್ಷನ್ ಅಲ್ಲ, ಆ ಮಕ್ಕಳ ಬಾಯಿ.

ಎಲ್ಲವೂ ಓಪಿಡಿಯಲ್ಲಿ ಸಿಗುವುದಿಲ್ಲ. ಬಯೋಕೆಮಿಸ್ಟ್ರಿ, ಜನರಲ್ ಪೆಥಾಲಜಿ, ಎಂಬ್ರಿಯಾಲಜಿ ಯಾರ ಬಾಯಲ್ಲೂ ಕಾಣುವುದಿಲ್ಲ. ಇಂಥ ಸಬ್ಜೆಕ್ಟ್‌ಗಳು ಬರುವುದು ಪರೀಕ್ಷೆಯ ಪಾರ್ಟ್ ಎಯಲ್ಲಿ. ಪಾರ್ಟ್ ಎ ಅಂದರೆ 100 ಪ್ರಶ್ನೆ, ಅದನ್ನು ಬಿಟ್ಟರೆ ಕಥೆ ಮುಗಿಯಿತು. ಅದಕ್ಕೆ ಬೆಳಗ್ಗೆ ಐದೂವರೆಯಿಂದ ಏಳೂವರೆ ತನಕ ಹಳೇ ಎಂಸಿಕ್ಯೂ ಮಾತ್ರ, ಥಿಯರಿ ಇಲ್ಲ. ಪೆರಿಯೊ ಪೋಸ್ಟಿಂಗ್‌ನಲ್ಲಿ ಇನ್ನೊಂದು ಸಮಸ್ಯೆ. ಬೆಳಗಿಂದ ಸಂಜೆ ತನಕ ಬರೀ ಸ್ಕೇಲಿಂಗ್, ಮೂರನೇ ದಿನಕ್ಕೆ ಹೊಸ ಪ್ರಶ್ನೆ ಹುಟ್ಟುವುದು ನಿಂತೇ ಹೋಯಿತು. ಆಗ ಪೇಷಂಟ್ ಬಿಟ್ಟು ಇನ್‌ಸ್ಟ್ರುಮೆಂಟ್ ಹಿಡಿದೆ. ಹಲ್ಲಿನ ಬೇರು ಕೆರೆಯುವ ಗ್ರೇಸಿ ಕ್ಯುರೆಟ್‌ನ ನಂಬರ್‌ಗಳು ಹಾಗೆ ಬಂದವು.

ಮಧ್ಯೆ ಒಂದು ಪ್ರಯೋಗಕ್ಕೆ ಇಳಿದೆ. ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ನೀರು ಕಾದು ಆಲ್ಜಿನೇಟ್ (ಹಲ್ಲಿನ ಅಚ್ಚು ತೆಗೆಯಲು ಕಲಸುವ ಪುಡಿ) ಟ್ರೇಗೆ ತುಂಬುವಷ್ಟರಲ್ಲೇ ಗಟ್ಟಿಯಾಗುತ್ತಿತ್ತು. ಫ್ರಿಜ್ ನೀರು, ಮಡಕೆ ನೀರು, ಟ್ಯಾಂಕಿನ ನೀರು ಮೂರರಲ್ಲೂ ಕಲಸಿ ಮೊಬೈಲ್‌ನಲ್ಲಿ ಟೈಮ್ ನೋಡಿದೆ. ಟ್ಯಾಂಕಿನದು ಒಂದು ನಿಮಿಷ ಚಿಲ್ಲರೆ, ಫ್ರಿಜ್‌ನದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಆಮೇಲೆ ಸ್ಟೋನ್‌ಗೆ (ಆ ಅಚ್ಚಿಗೆ ಸುರಿಯುವ ಜಿಪ್ಸಮ್ ಪುಡಿ) ಉಪ್ಪು ಹಾಕಿದೆ, ಬೊರಾಕ್ಸ್ ಹಾಕಿದೆ, ಗಟ್ಟಿಯಾದ ಸ್ಟೋನ್ ಉಜ್ಜುವ ಟ್ರಿಮ್ಮರ್‌ನಿಂದ ಬಂದ ಸ್ಲರಿ ನೀರು ಹಾಕಿದೆ. ಉಪ್ಪು, ಸ್ಲರಿ ಬೇಗ ಗಟ್ಟಿ ಮಾಡಿದವು, ಬೊರಾಕ್ಸ್ ತಡ ಮಾಡಿತು. ಲ್ಯಾಬ್ ಅಣ್ಣ ಮೆಟೀರಿಯಲ್ ಹಾಳು ಮಾಡ್ತೀಯ ಅಂತ ಬೈದರು. ಎರಡು ಸಂಜೆ ಹೋಯಿತು, ಆದರೆ ಡೆಂಟಲ್ ಮೆಟೀರಿಯಲ್ಸ್ ಭಯ ಪೂರ್ತಿ ಬಿಟ್ಟುಹೋಯಿತು. ಆ ಸಬ್ಜೆಕ್ಟ್‌ಗೆ ನಾನು ಒಂದೇ ಹಾಳೆಯಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ. ಅದು ಇಬ್ಬರು ಜೂನಿಯರ್‌ಗಳ ಹತ್ತಿರ ಮಾತ್ರ ಇದೆ. ಕೊನೇ ಹತ್ತು ದಿನದ ರಿವಿಷನ್ ಕ್ರಮವೂ ಹಾಗೇ.

ಪರೀಕ್ಷೆಯ ಲೆಕ್ಕ ಮಾತ್ರ ಮುಚ್ಚಿಡುವುದಿಲ್ಲ. ಪಾರ್ಟ್ ಎ 75 ನಿಮಿಷ, ಪಾರ್ಟ್ ಬಿ 140 ಪ್ರಶ್ನೆಗೆ 105 ನಿಮಿಷ. ಎ ಮುಗಿದ ಮೇಲೆ ವಾಪಸ್ ಹೋಗಲು ಬಿಡುವುದಿಲ್ಲ. ಸರಿಯಾದರೆ 4, ತಪ್ಪಾದರೆ 1 ಕಳೆಯುತ್ತಾರೆ. ನೆಗೆಟಿವ್‌ಗೆ ಹೆದರಿ 30-40 ಪ್ರಶ್ನೆ ಖಾಲಿ ಬಿಡುವವರನ್ನು ನೋಡಿದ್ದೇನೆ. ಸುಮ್ನೆ ಲೆಕ್ಕ ಹಾಕಿ. ಏನೂ ಗೊತ್ತಿಲ್ಲದೆ 100 ಪ್ರಶ್ನೆಗೆ ಗುರುತು ಹಾಕಿದರೂ ಸರಾಸರಿ 25 ಮಾರ್ಕ್ಸ್ ಲಾಭ. ಒಂದು ಆಪ್ಷನ್ ಖಂಡಿತ ಅಲ್ಲ ಅಂತ ತೆಗೆದುಹಾಕಿದರೆ ಅದು 66ರ ಹತ್ತಿರ ಹೋಗುತ್ತೆ. ನಾನು ಒಂದನ್ನೂ ಖಾಲಿ ಬಿಡಲಿಲ್ಲ. ಮಾಕ್‌ನಲ್ಲಿ ಇದೊಂದರಿಂದಲೇ ನನಗೆ 20ರಷ್ಟು ಮಾರ್ಕ್ಸ್ ಏರಿತು.

ದುಡ್ಡಿನ ವಿಷಯ. ನಾನು ವಿಚಾರಿಸಿದ ಕೋಚಿಂಗ್ ಸೆಂಟರ್ ಒಂದು ಹೇಳಿದ ಫೀಸು, ಪೇಯಿಂಗ್ ಗೆಸ್ಟ್ ರೂಮಿನ ಬಾಡಿಗೆ, ಊಟ ಸೇರಿಸಿದರೆ ವರ್ಷಕ್ಕೆ ಎರಡೂವರೆ ಲಕ್ಷ ಆಗುತ್ತಿತ್ತು. ಅಪ್ಪ ಕೊಡುತ್ತಿದ್ದರು, ಆದರೆ ತೋಟದ ಸಾಲ ಇನ್ನೂ ತೀರಿರಲಿಲ್ಲ. ನನ್ನ ಖರ್ಚು: ಗೆಳತಿಯ ಜೊತೆ ಅರ್ಧರ್ಧ ಹಾಕಿ ತಗೊಂಡ ಟೆಸ್ಟ್ ಸೀರೀಸ್ ಐದಾರು ಸಾವಿರ, ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಪುಸ್ತಕ ಮೂರು ಸಾವಿರ, ಪರೀಕ್ಷೆ ಫೀಸು ಮೂರೂವರೆ ಸಾವಿರ, ಜೆರಾಕ್ಸ್, ನೋಟ್‌ಬುಕ್, ಬಸ್ಸು. ಎಲ್ಲ ಸೇರಿ 15,000 ದಾಟಿಲ್ಲ. ಹೆಚ್ಚಿನದು ಸ್ಟೈಪೆಂಡ್‌ನಲ್ಲೇ ಆಯಿತು, ಅದೂ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು.

ಕೊನೇ ಮೂರು ತಿಂಗಳಿಗೆ ಹೊಸ ಪ್ರಶ್ನೆ ಬರೆಯುವುದನ್ನು ನಿಲ್ಲಿಸಿದೆ. ಆ ಹೊತ್ತಿಗೆ ಏಳೆಂಟು ನೋಟ್‌ಬುಕ್ ತುಂಬಿದ್ದವು, ಅಂದಾಜು ನಾಲ್ಕು ಸಾವಿರ ಪ್ರಶ್ನೆ. ಅವನ್ನೇ ತಿರುಗಿಸಿ ಮುರುಗಿಸಿ ಓದಿದೆ. ಮಾಕ್ 480ಕ್ಕೆ ಬಂತು, ಆಮೇಲೆ 510. ಆಗ, ಎಂಸಿಕ್ಯೂ ಬರುತ್ತಾ ಅಂತ ಕೇಳಿದ್ದ ಆ ಪಿಜಿ ಬಂದು ಒಂದು ನೋಟ್‌ಬುಕ್ ಕೊಡ್ತೀಯಾ ಅಂತ ಕೇಳಿದರು. ಜೆರಾಕ್ಸ್ ಮಾಡಿಸಿ ಕೊಟ್ಟೆ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡುವಾಗ ಊರು ನೋಡಬೇಡಿ, ಬ್ರಾಂಚ್ ನೋಡಿ. ಮೂರು ವರ್ಷ ಹೇಗೂ ಕಳೆಯುತ್ತೆ, ಬ್ರಾಂಚ್ ಜೀವನಪೂರ್ತಿ ಜೊತೆಗಿರುತ್ತೆ. ಮನೆಯವರು ಮೊದಲನೇ ರೌಂಡ್‌ನಲ್ಲೇ ಹತ್ತಿರದ ಕಾಲೇಜಿನ ಬೇರೆ ಬ್ರಾಂಚ್ ತಗೋ ಅಂದರು. ನಾನು ಕಾದೆ. ಎರಡನೇ ರೌಂಡ್‌ನಲ್ಲಿ ಕನ್ಸರ್ವೇಟಿವ್ ಬಂತು.