ಡ್ಯಾನ್ಸ್ ಕ್ಲಾಸಿನ ಡ್ರೆಸ್ಸಿಗೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ. "ಡಿಸೆಂಬರ್ ಪ್ರೋಗ್ರಾಮಿಗೆ ಎಲ್ಲಾ ಮಕ್ಕಳಿಗೂ ಒಂದೇ ಥರದ ಕಾಸ್ಟ್ಯೂಮ್, ಶುಕ್ರವಾರದೊಳಗೆ 4,500 ಕಳಿಸಿ." ಅದರ ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು. ಜಾಸ್ತಿ ಆಯ್ತು ಅಂತ ಗ್ರೂಪಿನಲ್ಲಿ ಒಬ್ಬರೂ ಬರೆಯುವುದಿಲ್ಲ. ಮರುದಿನ ಕ್ಲಾಸಿನ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಅರ್ಧ ಗಂಟೆ ಮಾತಾಡುವುದು ಮಾತ್ರ ಅದನ್ನೇ ಅಲ್ವಾ.

ನನ್ನ ಮಗಳು ಬೆಂಗಳೂರಿನಲ್ಲಿ ಭರತನಾಟ್ಯಕ್ಕೆ ಸೇರಿ ಆರು ವರ್ಷ ಆಯಿತು. ಅವಳಿಗೆ ಏಳು ವರ್ಷ ಇದ್ದಾಗ, ಮೊದಲ ಸ್ಟೇಜ್ ಅನ್ನುವ ಸಂಭ್ರಮದಲ್ಲಿ, 6,500 ಕೊಟ್ಟು ರೇಷ್ಮೆ ಸೀರೆ ತಂದು 2,800 ಕೊಟ್ಟು ಹೊಲಿಸಿದೆ. ಮೈಗೆ ಅಂಟಿದ ಹಾಗೆ ಕೂತಿತ್ತು, ನೋಡಿದವರೆಲ್ಲಾ ಹೊಗಳಿದರು. ಎರಡು ಸಲ ಹಾಕಿದಳು. ಮೂರನೇ ಸಲಕ್ಕೆ ಬ್ಲೌಸ್ ಕಂಕುಳ ಹತ್ತಿರ ಮೇಲೇರಲೇ ಇಲ್ಲ. ಒಂದು ಸಲಕ್ಕೆ 4,650 ಬಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಅದೇ ವರ್ಷ ಪಕ್ಕದ ಮನೆಯವರು ಬಾಡಿಗೆಗೆ ತಂದಿದ್ದು 700ಕ್ಕೆ.

ಹಾಗಾಗಿ ಬೆಲೆ ಕೇಳಿದ ತಕ್ಷಣ ನೀವು ಹಾಕಬೇಕಾದ ಲೆಕ್ಕ ಇದೊಂದೇ: ಇದನ್ನು ಎಷ್ಟು ಸಲ ಹಾಕುತ್ತಾಳೆ? ವರ್ಷಕ್ಕೆ ಒಂದು ಪ್ರೋಗ್ರಾಮ್ ಇರುವ ಮಗುವಿಗೆ ಬಾಡಿಗೆ ಸಾಕು. ಗಣೇಶನ ಹಬ್ಬ, ದಸರಾ, ರಾಜ್ಯೋತ್ಸವ, ದೇವಸ್ಥಾನದ ಜಾತ್ರೆ ಅಂತ ಕರೆದ ಕಡೆಗೆಲ್ಲಾ ಹೋಗುವ ಕ್ಲಾಸಾದರೆ ಹೊಲಿಸುವುದು ಲಾಭ. ಇನ್ನೂ ಮೊದಲ ವರ್ಷ, ಅಡವು ಅನ್ನುವ ಮೊದಲ ಹೆಜ್ಜೆಗಳೇ ಮುಗಿದಿಲ್ಲ, ಮಗು ಮುಂದುವರಿಸುತ್ತಾಳೋ ಇಲ್ಲವೋ ಗೊತ್ತಿಲ್ಲ ಅಂದರೆ ಸುಮ್ನೆ ಏನೂ ಕೊಳ್ಳಬೇಡಿ.

ಹಣ ಕಳಿಸುವ ಮೊದಲು ಟೀಚರ್ ಹತ್ತಿರ ಮಾತಾಡಿ. ಗ್ರೂಪಿನಲ್ಲಿ ಅಲ್ಲ, ಮಗುವಿನ ಎದುರಿಗೂ ಅಲ್ಲ. ಫೋನ್ ಮಾಡಿ, ಇಲ್ಲಾ ಹೀಗೊಂದು ಮೆಸೇಜ್ ಹಾಕಿ: "ಮೇಡಂ ನಮಸ್ಕಾರ, ಹೋದ ವರ್ಷದ ಹಸಿರು ಡ್ರೆಸ್ ಇನ್ನೂ ಆಗುತ್ತೆ. ಅದಕ್ಕೆ ಮೇಲ್ದಾವಣಿ ಮಾತ್ರ ನೀವು ಹೇಳಿದ ಬಣ್ಣದ್ದು ಹಾಕಿಸಿದರೆ ನಡೆಯುತ್ತಾ?" ಹತ್ತರಲ್ಲಿ ಆರು ಸಲ ನಡೆಯುತ್ತದೆ. ಟೀಚರಿಗೆ ಬೇಕಿರುವುದು ಸ್ಟೇಜಿನ ಮೇಲೆ ಸಾಲು ಚೆನ್ನಾಗಿ ಕಾಣುವುದು, ನಿಮ್ಮ ದುಡ್ಡು ಖಾಲಿಯಾಗುವುದಲ್ಲ. ಎಲ್ಲರದ್ದೂ ಬೇರೆ ಬೇರೆ ಬಣ್ಣದ ಡ್ರೆಸ್ ಇದ್ದು, ಎದೆಯ ಮೇಲೆ ಬರುವ ಮೇಲ್ದಾವಣಿ ಮತ್ತು ಸೊಂಟದ ಡಾಬು ಮಾತ್ರ ಒಂದೇ ಥರ ಇದ್ದರೂ ಸಾಲು ಕೂಡುತ್ತದೆ, ನಮ್ಮ ಕ್ಲಾಸಿನಲ್ಲೇ ಒಂದು ವರ್ಷ ಹಾಗೆ ಮಾಡಿ ನೋಡಿದ್ದೇವೆ. ಈ ವರ್ಷ ನಿಜವಾಗಿಯೂ ಕೈಲಾಗುವುದಿಲ್ಲ ಅಂದರೆ ಅದನ್ನೂ ಹೇಳಿಬಿಡಿ. ಕೊನೇ ವಾರದಲ್ಲಿ ಹೇಳಿದರೆ ಅವರಿಗೂ ಕಷ್ಟ, ಎರಡು ತಿಂಗಳು ಮುಂಚೆ ಹೇಳಿದರೆ ಯಾವುದೋ ದೊಡ್ಡ ಹುಡುಗಿಯ ಹಳೇ ಡ್ರೆಸ್ ಹುಡುಕಿ ಕೊಡುತ್ತಾರೆ.

ಬಾಡಿಗೆ ಅಂದರೆ, ನವೆಂಬರಿನಿಂದ ಜನವರಿವರೆಗೆ ಸ್ಕೂಲ್ ಡೇಗಳ ಕಾಲ, ಅಂಗಡಿಯವರು ಕೈಗೆ ಸಿಗುವುದಿಲ್ಲ. ಮೂರು ನಾಲ್ಕು ವಾರ ಮುಂಚೆ ಹೋಗಿ ಅಡ್ವಾನ್ಸ್ ಕೊಟ್ಟು, ಯಾವ ಡ್ರೆಸ್ ಅಂತ ಫೋಟೋ ತೆಗೆದುಕೊಂಡು ಬನ್ನಿ. ಮಗುವನ್ನು ಕರೆದುಕೊಂಡು ಹೋಗಲು ಆಗದಿದ್ದರೆ ಸರಿಯಾಗಿ ಆಗುವ ಒಂದು ಬ್ಲೌಸ್ ಆದರೂ ಚೀಲದಲ್ಲಿ ಇರಲಿ. ಮನೆಗೆ ತಂದ ದಿನವೇ ಹುಕ್ ಎಲ್ಲಾ ಇದೆಯಾ, ಮುಂದೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಫ್ಯಾನಿನ ನೆರಿಗೆ ಕಳಚಿದೆಯಾ, ಹಾರದಲ್ಲಿ ಕಲ್ಲು ಉದುರಿದೆಯಾ ನೋಡಿ, ಫೋಟೋ ಅಂಗಡಿಯವರಿಗೆ ಕಳಿಸಿಬಿಡಿ. ಇಲ್ಲದಿದ್ದರೆ ಹಿಂದೆ ಕೊಡುವಾಗ ಆ ಕಲ್ಲು ನೀವೇ ಉದುರಿಸಿದ್ದು ಅಂತಾಗುತ್ತದೆ. ಒಳಗೆ ತೆಳು ಕಾಟನ್ ಬನಿಯನ್ ಹಾಕಿಸಿ, ನಿಮ್ಮ ಮಗುವಿಗಿಂತ ಮುಂಚೆ ಅದರಲ್ಲಿ ಎಷ್ಟು ಜನ ಬೆವರಿದ್ದಾರೋ. ಚೌರಿ ಮಾತ್ರ ಬಾಡಿಗೆಗೆ ತರಬೇಡಿ, ಸ್ವಂತದ್ದೇ ಕೊಳ್ಳಿ. ಯಾಕೆ ಅಂತ ನಾನು ಹೇಳುವುದಿಲ್ಲ, ಹೇನು ಬಾಚಣಿಗೆ ಹಿಡಿದು ಒಂದು ವಾರ ಕೂತವರಿಗೆ ಗೊತ್ತು.

ಈಗ ಹೊಲಿಸುವ ವಿಷಯ. ದುಡ್ಡು ಜಾಸ್ತಿ ಹೋಗುವುದೂ ಇಲ್ಲೇ, ಉಳಿಯುವುದೂ ಇಲ್ಲೇ.

ಮೊದಲು ಬೀರು ತೆಗೆಯಿರಿ. ಅಜ್ಜಿಯ ಸೀರೆ, ನಿಮ್ಮ ಮದುವೆಗೆ ಯಾರೋ ಕೊಟ್ಟು ಒಮ್ಮೆಯೂ ಉಡದ ಸೀರೆ, ಯಾವುದಾದರೂ ಇರುತ್ತದೆ. ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಳೇ ರೇಷ್ಮೆ ಮಡಿಕೆಯ ಗೆರೆಯಲ್ಲೇ ಪಿಸಿಯುವುದು, ಅಲ್ಲಿ ಬೆಳಕು ಕಂಡರೆ ಬಿಟ್ಟುಬಿಡಿ. ಒಂದು ಸಲ ಅರೆಮಂಡಿ, ಅಂದರೆ ಮಂಡಿ ಅಗಲಿಸಿ ಅರ್ಧ ಕೂತರೆ ಪರ್ ಅನ್ನುತ್ತದೆ. ಗಟ್ಟಿ ಇದ್ದರೆ ಕಾಟನ್ ಲೈನಿಂಗ್ ಕೊಟ್ಟು ಹೊಲಿಸಬಹುದು. ಬಾರ್ಡರ್ ಮೂರು ನಾಲ್ಕು ಇಂಚಾದರೂ ಅಗಲ ಇರಬೇಕು, ಇಲ್ಲದಿದ್ದರೆ ಡ್ರೆಸ್ ಬೋಳಾಗಿ ಕಾಣುತ್ತದೆ. ಮೈಸೂರು ಸಿಲ್ಕ್ ಎಷ್ಟೇ ಚೆಂದ ಇದ್ದರೂ ಇದಕ್ಕೆ ಬೇಡ. ಅದು ಕ್ರೇಪ್, ಮೈಮೇಲೆ ಇಳಿಬೀಳುತ್ತದೆ, ಮುಂದಿನ ಫ್ಯಾನ್ ಬಿಚ್ಚಿಕೊಳ್ಳದೆ ಜೋಲಾಡುತ್ತದೆ. ಕಂಚಿ, ಧರ್ಮಾವರದ ಥರ ಕಡಕ್ ಆಗಿ ನಿಲ್ಲುವ ಬಟ್ಟೆ ಬೇಕು.

ಮನೆಯಲ್ಲಿ ಸಿಗದಿದ್ದರೆ ಚಿಕ್ಕಪೇಟೆಯಲ್ಲಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಕೊಳ್ಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಸ್ಟೇಜಿನ ಲೈಟಿನಲ್ಲಿ ಮೂರನೇ ಸಾಲಿನಿಂದ ನೋಡಿದವರಿಗೆ ಅಪ್ಪಟ ರೇಷ್ಮೆ ಯಾವುದು, ಆರ್ಟ್ ಸಿಲ್ಕ್ ಯಾವುದು ಗೊತ್ತಾಗುವುದಿಲ್ಲ. ಅಪ್ಪಟ ರೇಷ್ಮೆ ರಂಗಪ್ರವೇಶಕ್ಕೆ, ಅಂದರೆ ಮೊದಲ ಒಂಟಿ ಪ್ರದರ್ಶನಕ್ಕೆ ಇರಲಿ, ಬೆಳೆಯುವ ವಯಸ್ಸು ಮುಗಿದ ಮೇಲೆ. ಚಿಕ್ಕ ಮಕ್ಕಳಾದರೆ ಒಂದು ಸೀರೆಯಲ್ಲಿ ಎರಡು ಡ್ರೆಸ್ ಆಗುವುದೂ ಉಂಟು. ನಾನು ಇನ್ನೊಬ್ಬ ತಾಯಿಯ ಜೊತೆ ಸೇರಿ ಹಾಗೆ ಮಾಡಿಸಿದೆ. ತೊಂದರೆ ಏನೆಂದರೆ ಸೀರೆಗೆ ಸೆರಗು ಒಂದೇ, ಫ್ಯಾನಿಗೆ ಸೆರಗೇ ಚೆಂದ. ಅದು ಯಾವ ಮಗುವಿಗೆ, ಯಾರಿಗೆ ಬರೀ ಬಾರ್ಡರ್ ಅಂತ ಬಟ್ಟೆ ಕತ್ತರಿಸುವ ಮೊದಲೇ ಮಾತಾಡಿಕೊಳ್ಳಿ. ನಾವು ಮಾತಾಡಿಕೊಂಡಿರಲಿಲ್ಲ.

ಟೈಲರ್ ಹತ್ತಿರ ಹೋದಾಗ ಬೆಳೆಯುವ ಮಗು ಅಂತ ಎರಡು ಸಲ ಹೇಳಿ. ಬ್ಲೌಸಿನ ಎರಡೂ ಪಕ್ಕ ಎರಡೆರಡು ಇಂಚು ಬಟ್ಟೆ ಒಳಗೆ ಬಿಡಲಿ, ಕಂಕುಳಲ್ಲಿ ಜಾಸ್ತಿ ಬಿಡಲಿ. ಮೊದಲು ಬಿಗಿಯಾಗುವುದು ಅಲ್ಲೇ, ನನ್ನ ಕಥೆ ಕೇಳಿದ್ದೀರಲ್ಲ. ಹುಕ್ಕಿಗೆ ಎರಡು ಸಾಲು ಕುಣಿಕೆ ಹಾಕಿಸಿ. ಪೈಜಾಮದ ಸೊಂಟಕ್ಕೆ ಹುಕ್ ಬೇಡ, ಲಾಡಿ ಇರಲಿ. ಕಾಲಿನ ಉದ್ದಕ್ಕೆ ಒಳಗಡೆ ಎರಡು ಟಕ್ ಹಿಡಿಸಿ, ವರ್ಷಕ್ಕೊಂದು ಬಿಚ್ಚಿದರಾಯಿತು. ಬಾರ್ಡರ್ ಇರುವ ಕಡೆ ಟಕ್ ಬಂದರೆ ಬಿಚ್ಚಿದಾಗ ಗೆರೆ ಎದ್ದು ಕಾಣುತ್ತದೆ, ಅದಕ್ಕೆ ಬಾರ್ಡರ್ ಬಿಟ್ಟು ಅದಕ್ಕಿಂತ ಮೇಲ್ಗಡೆ ಹಿಡಿಯಲು ಹೇಳಿ. ಹೀಗೆ ಹೊಲಿಸಿದ ನಮ್ಮ ಎರಡನೇ ಡ್ರೆಸ್ ಮೂರು ವರ್ಷ ಬಂತು. ಕೆಲವು ಟೈಲರುಗಳು "ಫಿಟಿಂಗ್ ಹಾಳಾಗುತ್ತೆ" ಅಂತ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ಒಡವೆ ಬೆಳೆಯುವ ಮಗುವಿಗೂ ಆಗುತ್ತದೆ, ಹಾಗಾಗಿ ಬಟ್ಟೆಗಿಂತ ಇದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಆದರೆ ಎಲ್ಲಾ ಒಟ್ಟಿಗೆ ಬೇಡ. ಬೈತಲೆ ಬೊಟ್ಟು, ತಲೆಯ ಎರಡು ಪಕ್ಕಕ್ಕೆ ಸೂರ್ಯ ಚಂದ್ರ, ಜುಮಕಿ, ಅದನ್ನು ಕೂದಲಿಗೆ ಸಿಕ್ಕಿಸುವ ಮಾಟಿ, ಕತ್ತಿಗೆ ಅಂಟಿ ಕೂರುವ ಒಂದು ಅಡ್ಡಿಕೆ, ಒಂದು ಉದ್ದ ಹಾರ, ಡಾಬು, ಇಷ್ಟಿದ್ದರೆ ಮಗು ತುಂಬಿಕೊಂಡು ಕಾಣುತ್ತಾಳೆ. ತೋಳಿನ ವಂಕಿ, ತಲೆಯ ಹಿಂದಿನ ರಾಕಡಿ, ಜಡೆ ಬಿಲ್ಲೆ ಆಮೇಲೆ ಒಂದೊಂದಾಗಿ ಸೇರಿಸಿ. ಈ ಕೆಂಪು ಕಲ್ಲಿನ ಟೆಂಪಲ್ ಜ್ಯುವೆಲರಿಗೆ ಹೆಸರುವಾಸಿ ತಮಿಳುನಾಡಿನ ನಾಗರಕೋಯಿಲಿನ ವಡಸೇರಿ, ಅಲ್ಲಿಯ ಕೆಲಸಕ್ಕೆ ಜಿಐ ಗುರುತು, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಮಾನ್ಯತೆ ಕೂಡ ಇದೆ. ಪೇಟೆಯಲ್ಲಿ ಅದೇ ಹೆಸರಿನಲ್ಲಿ ಅಚ್ಚಿನ ಮಾಲು ಬೇಕಾದಷ್ಟು ಇದೆ, ಮಕ್ಕಳಿಗೆ ಅದೇ ಸಾಕು, ಹಗುರವೂ ಹೌದು. ಡಾಬು ಕೊಳ್ಳುವಾಗ ಹಿಂದೆ ಸರಪಳಿ ಉದ್ದ ಇರುವುದನ್ನೇ ಕೇಳಿ.

ಗೆಜ್ಜೆಯ ವಿಷಯದಲ್ಲಿ ನಿಮ್ಮ ಟೀಚರ್ ಹೇಳಿದ ಹಾಗೆ ಮಾಡಿ. ಗೆಜ್ಜೆಪೂಜೆ ಆಗದೆ ಕಟ್ಟಬಾರದು ಅನ್ನುವವರಿದ್ದಾರೆ, ಹಾಗಿದ್ದರೆ ಮುಂಚೆಯೇ ಕೊಂಡು ಇಡುವುದರಲ್ಲಿ ಅರ್ಥ ಇಲ್ಲ. ಕೊಂಡ ಮೇಲೆ ಕಾಲು ದಪ್ಪ ಆಯಿತು ಅಂತ ಹೊಸದು ತರಬೇಡಿ. ಹಿತ್ತಾಳೆ ಗೆಜ್ಜೆ ಸವೆಯುವುದಿಲ್ಲ, ಚರ್ಮದ ಪಟ್ಟಿ ಮಾತ್ರ ಚಿಕ್ಕದಾಗಿರುತ್ತದೆ. ಪಟ್ಟಿ ಬದಲಾಯಿಸಿ ಅವೇ ಗೆಜ್ಜೆ ಹೊಲಿದುಕೊಡುವವರು ಸಿಗುತ್ತಾರೆ.

ಹೂವಿಗೆ ಬಟ್ಟೆಯದ್ದು ಒಮ್ಮೆ ಕೊಂಡರೆ ಮುಗಿಯಿತು. ಡಿಸೆಂಬರಿನ ಚಳಿಯಲ್ಲಿ ಮಲ್ಲಿಗೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಚಿಕ್ಕದಾದ ಡ್ರೆಸ್ಸನ್ನು ನೆನಪಿಗೆ ಅಂತ ಇಟ್ಟುಕೊಳ್ಳಬೇಡಿ, ಫೋಟೋ ಇದೆಯಲ್ಲ. ಡ್ರೆಸ್ ಕೇಳುವವರು ಜಾಸ್ತಿ ಇರುವುದು ಪ್ರೋಗ್ರಾಮಿನ ದಿನ ಗೊತ್ತಾದ ವಾರ. ಆಗ ಎದೆ, ಸೊಂಟ, ಕಾಲುದ್ದದ ಅಳತೆ ಬರೆದು ಗ್ರೂಪಿಗೆ ಹಾಕಿ. ಅರ್ಧ ಬೆಲೆ ಕೇಳಿ, ಕೊಟ್ಟಷ್ಟಕ್ಕೆ ಕೊಡಿ. ನಾಲ್ಕೈದು ಪೋಷಕರು ಒಪ್ಪಿದರೆ ಇನ್ನೂ ಒಳ್ಳೆಯದು, ಹಳೇ ಡ್ರೆಸ್ಸೆಲ್ಲಾ ಒಂದು ಟ್ರಂಕಿನಲ್ಲಿ ಕ್ಲಾಸಿನಲ್ಲೇ ಇಟ್ಟು, ಬೇಕಾದವರು ನೂರೋ ಇನ್ನೂರೋ ಹಾಕಿ ತೆಗೆದುಕೊಂಡು ಹೋಗುವ ಹಾಗೆ ಮಾಡಬಹುದು. ಆ ದುಡ್ಡು ರಿಪೇರಿಗೆ ಆಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಸಿಸಿಆರ್‌ಟಿ ಅನ್ನುವ ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸಂಗೀತ, ನೃತ್ಯ ಕಲಿಯಲು ವಿದ್ಯಾರ್ಥಿವೇತನ ಕೊಡುತ್ತದೆ. ಡ್ರೆಸ್ಸಿಗೆ ಅಂತಲ್ಲ, ಆದರೆ ಫೀಸಿನ ಭಾರ ಸ್ವಲ್ಪ ಇಳಿದರೆ ಡ್ರೆಸ್ಸಿಗೆ ಉಸಿರಾಡಲು ಜಾಗ ಸಿಗುತ್ತದೆ. ಟೀಚರನ್ನು ಕೇಳಿ ಅರ್ಜಿ ಹಾಕಿಸಿ.

ಪ್ರೋಗ್ರಾಮ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದಾಗ ಡ್ರೆಸ್ಸನ್ನು ಮುದ್ದೆ ಮಾಡಿ ಕವರಿನಲ್ಲಿ ಬಿಡಬೇಡಿ. ರಾತ್ರಿಯೇ ಒಳಮೈ ಹೊರಗೆ ಮಾಡಿ ಸೀಲಿಂಗ್ ಫ್ಯಾನ್ ಕೆಳಗೆ ಹರಡಿ, ಮರುದಿನ ನೆರಳಿನಲ್ಲಿ ಒಣಗಿಸಿ, ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಡಿ. ನುಸಿ ಗುಳಿಗೆ ಜರಿಗೆ ತಾಗಿದರೆ ಕಪ್ಪಾಗುತ್ತದೆ, ಸೆಂಟೂ ಅಷ್ಟೇ. ಒಡವೆಯನ್ನು ಒಣ ಬಟ್ಟೆಯಲ್ಲಿ ಬೆವರು ಒರೆಸಿ ಡಬ್ಬಿಗೆ ಹಾಕಿ. ಗ್ರೀನ್ ರೂಮ್ ಬಿಡುವ ಮೊದಲೇ ಜುಮಕಿ ಎರಡೂ ಇದೆಯಾ ಎಣಿಸಿಕೊಳ್ಳಿ. ನಮ್ಮದು ಒಂದು ಇನ್ನೂ ಅಲ್ಲೇ ಎಲ್ಲೋ ಬಿದ್ದಿದೆ.