ಅಲ್ಮಾಟಿಯಲ್ಲಿ ಕೈ ಕೊಡುವ ಮುನ್ನ

ಕಜಕಿಸ್ತಾನದ ಅಲ್ಮಾಟಿಗೆ ಹೊಸದಾಗಿ ಬಂದಿದ್ದೀರಾ? ಐಐಎನ್ ಎಂಬ 12 ಅಂಕಿಯ ವೈಯಕ್ತಿಕ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ, ಮನೆ ಮಾಲೀಕರು ನಿಮ್ಮ ನೋಂದಣಿ ಮಾಡಿಸಿದರೇ ಎಂದು ಕೇಳಿ. ಅದೆಲ್ಲ ಹೇಗೋ ಆಗುತ್ತದೆ. ಪೇಚಿಗೆ ಸಿಕ್ಕಿಸುವುದು ನಾಲಿಗೆ.

ನನ್ನ ಮೊದಲ ಚಳಿಗಾಲದಲ್ಲಿ, ಲೆಕ್ಕಪತ್ರ ಮುಗಿಸಿಕೊಡುತ್ತೇನೆಂದಿದ್ದ ಸಹೋದ್ಯೋಗಿ ಕೊನೆಯ ದಿನ ನಾಪತ್ತೆಯಾದ. ಮೇಲಧಿಕಾರಿಯ ಮುಂದೆ ಅರೆಬರೆ ರಷ್ಯನ್‌ನಲ್ಲಿ ದೂರಿದೆ: "ಓನ್ ದಾಲ್ ಮ್ನೆ ರೂಕು." ಕೈ ಕೊಟ್ಟುಬಿಟ್ಟ ಎಂದು ನನ್ನ ಅರ್ಥ. ಅವರು ಮುಖವರಳಿಸಿ ಅವನನ್ನೇ ಹೊಗಳಿದರು! ಹೊಟ್ಟೆ ಉರಿದುಹೋಯಿತು. ಅದನ್ನೂ ರಷ್ಯನ್‌ಗೆ ತಿರುಗಿಸಿದ್ದರೆ ಮಾತ್ರೆ ತರಿಸುತ್ತಿದ್ದರೇನೋ. ಇಂಗ್ಲಿಷ್‌ನಲ್ಲೂ ಕೈ ಕೊಟ್ಟರೆ ನೆರವು. ಕಜಖ್‌ನಲ್ಲಿ ಪೂರ್ತಿ ಕೈಯೂ ಬೇಡ. 'ಕೋಲ್ ಉಶಿನ್ ಬೆರು', ಕೈಯ ತುದಿ ಕೊಟ್ಟರೆ ಸಾಕು. ಕೈ 'ಇಟ್ಟರೆ' ಸಹಿ ಹಾಕಿದಂತೆ. ಈ ನಾಲ್ಕು ಭಾಷೆಗಳಲ್ಲಿ ಕೈ ಕೊಟ್ಟು ಓಡಿಹೋಗುವವರು ನಾವು ಮಾತ್ರ.

ಕಜಖ್ ಕಲಿಯಲು ಹೆದರಬೇಡಿ, ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ. ಕ್ಷಣಮಾತ್ರ ಎನ್ನುವುದಕ್ಕೆ ನಾವು ಕಣ್ಣು ಮುಚ್ಚಿ ತೆರೆಯುತ್ತೇವೆ, ಅವರು ತೆರೆದು ಮುಚ್ಚುತ್ತಾರೆ, ಅಷ್ಟೇ. ಟ್ಯಾಕ್ಸಿಯವನು 'ಬಾವುರಿಮ್' ಎಂದರೆ ತಮ್ಮನೋ ಬಂಧುವೋ ಎಂಬಂತೆ ಕರೆದ ಹಾಗೆ. ಆ 'ಬಾವುರ್' ಎಂದರೆ ಯಕೃತ್ತು ಕೂಡ. ನಮಗೆ ಕರುಳು ಹೇಗೋ ಅವರಿಗೆ ಅದು ಹಾಗೆ. ಊರಿನ ಫೋನ್ ಬಂದಾಗ ನನಗೆ ಚುರ್ ಎನ್ನುವುದು ಇಂದಿಗೂ ಕರುಳೇ.

ಮಕ್ಕಳ ವಿಷಯ ಬೇರೆ. ಮಗಳನ್ನು ರಷ್ಯನ್ ಮಾಧ್ಯಮಕ್ಕೆ ಸೇರಿಸಿದೆವು, ಕನ್ನಡ ಮನೆಯಲ್ಲಿ ತಾನಾಗಿಯೇ ಬರುತ್ತದೆ ಎಂದುಕೊಂಡೆವು. ಬಂತು ಕೂಡ. ಶಿಂಬುಲಾಕ್‌ಗೆ ಹಿಮದಲ್ಲಿ ಜಾರಾಡಲು ಕರೆದೊಯ್ಯುತ್ತೇನೆಂದು ಮೂರನೆಯ ಸಲ ಹೇಳಿದಾಗ ಅಚ್ಚ ಕನ್ನಡದಲ್ಲಿ ಅಂದಳು: "ಅಪ್ಪಾ, ನನ್ನ ಕಿವಿಗೆ ಶ್ಯಾವಿಗೆ ನೇತುಹಾಕಬೇಡ." ರಷ್ಯನ್ನರು ಮೋಸ ಮಾಡುವುದು ಹಾಗೆ, ಕಿವಿಗೆ ಶ್ಯಾವಿಗೆ ಹಾಕಿ.

"ಕಿವಿಗೆ ಹೂವಿಡಬೇಡ ಅನ್ನಬೇಕು ಪುಟ್ಟಿ."

"ಕಿವಿಗೆ ಯಾರು ಹೂವಿಡುತ್ತಾರೆ?"

ಪೂಜೆ ಮುಗಿಸಿ ಬಂದ ಅಜ್ಜನ ಕಿವಿಯ ಸಂದಿಯಲ್ಲಿ ಪ್ರಸಾದದ ಹೂವು ಇರುತ್ತಿದ್ದುದನ್ನು ಅವಳು ನೋಡಿಯೇ ಇಲ್ಲ. ಮಾರ್ಚ್ 8ರ ಮಹಿಳಾ ದಿನಕ್ಕೆಂದು ಹೆಂಡತಿಗೆ ತಂದಿದ್ದ ಟುಲಿಪ್ ಒಂದನ್ನು ಹೂದಾನಿಯಿಂದ ತೆಗೆದು ನನ್ನ ಕಿವಿಗೆ ಸಿಕ್ಕಿಸಿ ತೋರಿಸಲು ಹೋದೆ. ದಪ್ಪ ದಂಟು, ನಿಲ್ಲಲಿಲ್ಲ. ನೀರು ಕತ್ತಿನೊಳಗೆ ಇಳಿಯಿತು.